ನಾಲ್ಕು ಕೋರಿನ ಸುದ್ದಿ

ಹಾನಗಲ್ಲಿನ ಬಸ್ ಸ್ಟ್ಯಾಂಡಿನಿಂದ ತಹಶೀಲ್ದಾರ ಕಚೇರಿಗೆ ಹೋಗುವ ದಾರಿಯಲ್ಲಿ ಉಳವಪ್ಪನವರ ಪ್ರಿಂಟಿಂಗ್ ಪ್ರೆಸ್ಸು ಇತ್ತು. ಲಗ್ನಪತ್ರಿಕೆ, ಪಾವತಿ ಪುಸ್ತಕ, ಶಾಲೆಯ ಮಕ್ಕಳ ಗುರುತಿನ ಕಾರ್ಡು, ಎಲ್ಲವೂ ಅಲ್ಲಿ ಅಚ್ಚಾಗುತ್ತಿದ್ದವು. ಐವತ್ತಾರು ವರ್ಷದ ಉಳವಪ್ಪನವರು ಬಹಳ ಒಳ್ಳೆಯವರು. ಯಾರಿಗೂ ಕೆಟ್ಟದ್ದು ಬಯಸಿದವರಲ್ಲ, ಕೊಟ್ಟ ಮಾತಿಗೆ ತಪ್ಪಿದವರಲ್ಲ. ಅವರಿಗೆ ಬಾರದ ಶಬ್ದ ಒಂದೇ ಒಂದು ಇತ್ತು. ಅದು 'ಗೊತ್ತಿಲ್ಲ' ಎಂಬುದು.

ಒಮ್ಮೆ ಪರವೂರಿನವನೊಬ್ಬ ಪ್ರೆಸ್ಸಿನ ಮುಂದೆ ನಿಂತು ಕಣ್ಣಿನ ದವಾಖಾನೆ ಎಲ್ಲಿ ಎಂದು ಕೇಳಿದ್ದ. ಉಳವಪ್ಪನವರಿಗೆ ದಾರಿ ತಿಳಿದಿರಲಿಲ್ಲ. ಆದರೆ ಎಷ್ಟು ಖಾತ್ರಿಯಿಂದ ಹೇಳಿದರೆಂದರೆ, ಆ ಮನುಷ್ಯ ದನದ ದವಾಖಾನೆ ಮುಟ್ಟಿದ ಮೇಲೂ ಅನುಮಾನಪಡದೆ ಎಮ್ಮೆಗಳ ಸಾಲಿನಲ್ಲಿ ಒಂದು ತಾಸು ಕುಳಿತಿದ್ದ. ಹೇಳುವವರ ಧ್ವನಿಯಲ್ಲಿ ಅಷ್ಟು ತೂಕವಿದ್ದರೆ ಕೇಳುವವರದೇನು ತಪ್ಪು?

ಜೂನ್ ತಿಂಗಳ ಮೊದಲ ವಾರದಲ್ಲಿ, ಒಂದು ಶಾಲೆಯ ಆರುನೂರು ಗುರುತಿನ ಕಾರ್ಡುಗಳ ಕೆಲಸ ಅರ್ಧಕ್ಕೆ ಬಂದಿದ್ದಾಗ, ಪ್ರೆಸ್ಸಿನ ಕಂಪ್ಯೂಟರು ಒಂದು ಸಲ ಕೀಂವ್ ಎಂದು ಕಪ್ಪಗಾಯಿತು. ಸರಿಯಾಗಿ ಹದಿನೈದು ವರ್ಷ ದುಡಿದ ಯಂತ್ರ. ಉಳವಪ್ಪನವರು ಅದರ ಬೆನ್ನಿಗೆ ಮೆಲ್ಲಗೆ ಎರಡು ಪೆಟ್ಟು ಕೊಟ್ಟರು, ವೈರು ತೆಗೆದು ಹಾಕಿದರು, ಹೆಂಡತಿ ವೀರವ್ವನ ಸಲಹೆಯಂತೆ ಒಂದು ಊದುಬತ್ತಿಯನ್ನೂ ಹಚ್ಚಿಟ್ಟರು. ಅದು ಏಳಲಿಲ್ಲ. ಕಾರ್ಡುಗಳನ್ನು ಸೋಮವಾರ ಒಪ್ಪಿಸಬೇಕಿತ್ತು. ಅಂದು ಗುರುವಾರ. ಉಳವಪ್ಪನವರು ಬಸ್ಸು ಹತ್ತಿ ಸವಣೂರಿಗೆ ಹೋದರು.

ಸವಣೂರಿನಲ್ಲಿ ತಸ್ಲೀಮಾ ಎಂಬವಳ ಅಂಗಡಿ ಇದೆ. ದೊಡ್ಡ ಕಚೇರಿಗಳು ಸಾಕೆಂದು ಬಿಟ್ಟ ಕಂಪ್ಯೂಟರುಗಳನ್ನು ಅವಳು ಹುಬ್ಬಳ್ಳಿಯಿಂದ ತರುತ್ತಾಳೆ. ಒಂದೊಂದನ್ನೂ ಬಿಚ್ಚಿ, ಧೂಳು ತೆಗೆದು, ಸತ್ತ ಅಂಗ ಬದಲಿಸಿ, ಮೂರು ದಿನ ಓಡಿಸಿ ನೋಡಿದ ಮೇಲೆಯೇ ಮಾರುತ್ತಾಳೆ. ಮೂವತ್ತು ವರ್ಷದ ಹೆಣ್ಣುಮಗಳು. ಸ್ಕ್ರೂ ಬಿಚ್ಚುವಾಗ ಅವಳ ಬೆರಳು ನೋಡಬೇಕು. ಅಕ್ಕಸಾಲಿಗನ ಬೆರಳು.

ಅವಳು ಮೇಜಿನ ಮೇಲೆ ಎರಡು ಡಬ್ಬಿಗಳನ್ನಿಟ್ಟಳು.

"ಕಾಕಾ, ಎರಡೂ ಹಳೇವು, ಎರಡೂ ಗಟ್ಟಿ ಅದಾವು. ಇದರಾಗ ಪ್ರೊಸೆಸರ್ ಎರಡು ಕೋರಿಂದು, ಅದರಾಗ ನಾಲ್ಕು ಕೋರಿಂದು. ಪ್ರೊಸೆಸರ್ ಅಂದ್ರ ಗೊತ್ತಲ್ರಿ?"

"ಅದ ಗೊತ್ತಿಲ್ಲದ ಹದಿನೈದು ವರ್ಷ ಪ್ರೆಸ್ ನಡಸೇನೇನವ್ವಾ!" ಎಂದರು ಉಳವಪ್ಪನವರು. "ಅದರ ಒಳಗ ಇರತೈತಲ್ಲ, ಆ ಇದು."

"ಹೌದ್ರಿ, ಅದ ಇದು. ಮಿದುಳು ಇದ್ದಂಗ." ತಸ್ಲೀಮಾ ನಗಲಿಲ್ಲ. ಅವಳ ದೊಡ್ಡತನ ಅದು. "ಎರಡು ಕೋರಿಂದು ಅಂದ್ರ ಒಳಗ ದುಡಿಯೋರು ಇಬ್ಬರು. ಇಬ್ಬರೂ ಭಾಳ ಚುರುಕು. ನಾಲ್ಕು ಕೋರಿನ್ಯಾಗ ನಾಲ್ವರು. ಒಬ್ಬೊಬ್ಬರು ಸ್ವಲ್ಪ ನಿಧಾನ, ಆದ್ರ ಕೆಲಸ ಹಂಚಿಕೊಂಡು ಎತ್ತತಾರ. ಇದಕ್ಕ ಆರು ಸಾವಿರ, ಅದಕ್ಕ ಒಂಬತ್ತು. ಯಾವುದು ಛಲೋ ಅನ್ನೂದು ನೀವು ಮಾಡೂ ಕೆಲಸದ ಮ್ಯಾಲೆ ಐತಿ. ನಿಮ್ಮ ಕೆಲಸ ಎಂಥಾದ್ರಿ?"

"ಎಲ್ಲಾ ಥರಾದ್ದು," ಎಂದರು ಉಳವಪ್ಪನವರು ಗಂಭೀರವಾಗಿ. ಎರಡೂ ಡಬ್ಬಿಗಳನ್ನು ಬಗ್ಗಿ ನೋಡಿದರು, ಒಂದರ ಮೇಲೆ ಬೆರಳಿನಿಂದ ಬಡಿದು ಸಪ್ಪಳ ಕೇಳಿದರು, ಕಲ್ಲಂಗಡಿ ಆರಿಸುವವರ ಹಾಗೆ. ಏನೂ ತಿಳಿಯಲಿಲ್ಲ. "ವಿಚಾರ ಮಾಡಿ ಹೇಳ್ತೇನಿ. ನನ್ನದ ಒಂದು ಲೆಕ್ಕ ಐತಿ," ಎಂದು ಎದ್ದರು.

ಹಾನಗಲ್ಲಿನ ನೇರ ಬಸ್ಸು ತಪ್ಪಿದ್ದರಿಂದ ಶಿಗ್ಗಾಂವಿಗೆ ಬಂದು ಅಲ್ಲಿ ಕುಳಿತರು. ಅವರು ಕುಳಿತ ಬಸ್ ಸ್ಟ್ಯಾಂಡಿನ ಕಲ್ಲಿನ ಕಟ್ಟೆಯ ಇನ್ನೊಂದು ತುದಿಯಲ್ಲಿ ದಾನವ್ವ ಎಂಬ ಹೆಣ್ಣುಮಗಳು ಕುಳಿತಿದ್ದಳು. ಅವಳದು ಹಿರೇಬೆಂಡಿಗೇರಿ, ಅವಳಿಗೆ ಇವರ ಗುರುತಿತ್ತು. ಆ ಊರಿನಲ್ಲಿ ಉಳವಪ್ಪನವರಿಗೆ ಆರು ಎಕರೆ ಹೊಲವಿದೆ. ಅದನ್ನು ಇಸ್ಮಾಯಿಲಸಾಬ ಎಂಬ ಹಿರಿಯರು ಕೋರಿನಿಂದ ಮಾಡುತ್ತಾರೆ. ಹೊಲ ಒಬ್ಬರದು, ದುಡಿಮೆ ಒಬ್ಬರದು, ಬಂದ ಬೆಳೆಯಲ್ಲಿ ಇಬ್ಬರಿಗೂ ಪಾಲು. ಇದಕ್ಕೆ ಆ ಕಡೆ ಕೋರು ಎನ್ನುತ್ತಾರೆ. ಇಸ್ಮಾಯಿಲಸಾಬರು ಕೋರು ಹಿಡಿದು, ದುರ್ದೈವಕ್ಕೆ, ಸರಿಯಾಗಿ ಹದಿನೈದು ವರ್ಷವಾಗಿತ್ತು.

ಅಷ್ಟರಲ್ಲಿ ತಸ್ಲೀಮಾಳ ಫೋನು ಬಂತು. ಸವಣೂರು ದೂರವಿದೆ ಎಂಬ ಕಾರಣಕ್ಕೆ ಉಳವಪ್ಪನವರು ಯಾವಾಗಲೂ ಜೋರಾಗಿಯೇ ಮಾತಾಡುತ್ತಿದ್ದರು. ಅತ್ತಣ ಮಾತು ಯಾರಿಗೂ ಕೇಳಲಿಲ್ಲ. ಇತ್ತಣ ಮಾತು ಇಡೀ ಬಸ್ ಸ್ಟ್ಯಾಂಡಿಗೆ ಕೇಳಿತು.

"ಹಾಂ, ವಿಚಾರ ಮಾಡಾಕತ್ತೇನಿ... ಏನು? ಹಳೇದನ್ನ ರಿಪೇರಿ ಮಾಡೂಣಂತೀಯೇನು? ಏ, ಬ್ಯಾಡವ್ವಾ! ಹದಿನೈದು ವರ್ಷ ಆತು. ದಮ್ಮ ಇಲ್ಲ ಅದರಾಗ. ಒಂದು ಕೆಲಸ ಹೇಳಿದ್ರ ಅರ್ಧಾ ತಾಸು ಸುಮ್ಮನ ಕುಂದರತೈತಿ. ಬೆನ್ನಿಗೆ ಎರಡು ಪೆಟ್ಟು ಕೊಟ್ಟೆ, ಆದ್ರೂ ಏಳವಲ್ದು... ಹೌದು, ನಾಲ್ಕು ಕೋರಿಗೆ ಹಾಕಿದ್ರ ಕೆಲಸ ಹಂಚಿ ಹೋಗತೈತಿ, ಖರೇ... ಹೂಂ, ಶನಿವಾರದೊಳಗ ಮುಗಿಸೂಣು. ಹಳೇದನ್ನ ತಗದ ಒಗದಬಿಡ್ತೇನಿ."

ದಾನವ್ವ ಕೈಯಲ್ಲಿದ್ದ ಎಲೆ ಅಡಿಕೆ ಹಾಗೆಯೇ ಹಿಡಿದು ಕುಳಿತಳು. ಅವಳು ಕೆಟ್ಟವಳಲ್ಲ. ಕೇಳಿದ್ದನ್ನು ಕೇಳಿದ ಹಾಗೆಯೇ ಹೇಳುವ ಪ್ರಾಮಾಣಿಕಳು. ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಡಿಮೆಯಿಲ್ಲ. ಅದೇ ದೊಡ್ಡ ಕೇಡಾಯಿತು. ಅರವತ್ತೆಂಟು ವರ್ಷದ ಇಸ್ಮಾಯಿಲಸಾಬರ ಬೆನ್ನಿಗೆ ಸಾವಕಾರರು ಎರಡು ಪೆಟ್ಟು ಕೊಟ್ಟದ್ದು, ಮುದುಕನನ್ನು 'ಅದು, ಇದು' ಎಂದದ್ದು, ಹೊಲವನ್ನು ನಾಲ್ಕು ಕೋರಿಗೆ ಹಾಕುವುದು, ಎಲ್ಲವೂ ದಾನವ್ವನಿಗಿಂತ ಮೊದಲೇ ಹಿರೇಬೆಂಡಿಗೇರಿಯನ್ನು ಮುಟ್ಟಿತೋ ಎನ್ನುವಷ್ಟು ಬೇಗ ಹಬ್ಬಿತು. ಅಲ್ಲಿಂದ ಫೋನುಗಳ ಮೇಲೇರಿ ಮೂರು ತಾಲೂಕು ದಾಟಿತು.

ಮರುದಿನ ಬೆಳಿಗ್ಗೆ ಉಳವಪ್ಪನವರು ಪ್ರೆಸ್ಸಿನ ಬಾಗಿಲು ತೆಗೆಯುವಷ್ಟರಲ್ಲಿ ವೀರವ್ವನ ತಮ್ಮ ಸಂಜಯ ಮೆಟ್ಟಿಲ ಮೇಲೆ ಕುಳಿತಿದ್ದ. ಚಿಕ್ಕೇರೂರಿನಿಂದ ಮೊದಲನೇ ಬಸ್ಸಿಗೆ ಬಂದಿದ್ದ. ಕೈಯಲ್ಲಿ ಒಂದು ಡಜನ್ ಬಾಳೆಹಣ್ಣು.

"ಮಾವಾ, ನಾಲ್ಕು ಕೋರಿನ ಸುದ್ದಿ ಕೇಳಿದೆ. ನನಗ ಒಂದು ಮಾತು ಹೇಳಬಾರದಾಗಿತ್ತೇನ್ರಿ?"

ಉಳವಪ್ಪನವರಿಗೆ ಆಶ್ಚರ್ಯವಾಯಿತು. ಹಿಂದೆಯೇ ಸ್ವಲ್ಪ ಹೆಮ್ಮೆಯೂ ಆಯಿತು. ತಾನು ಒಂದು ಪ್ರೊಸೆಸರ್ ಕೊಳ್ಳುವ ಸುದ್ದಿ ಹಿರೇಕೆರೂರು ತಾಲೂಕಿನವರೆಗೆ ಹೋಗಿದೆಯೆಂದರೆ!

"ನಿನಗ ಇದರಾಗ ತಿಳೀತೈತೇನೋ?"

"ಏನ್ ಮಾತ್ರಿ ಮಾವಾ! ಹುಟ್ಟಿದಾಗಿಂದ ಅದರಾಗ ಅದೇನಿ. ನಮ್ಮಪ್ಪನೂ ಅದನ್ನ ಮಾಡಿಕೊಂತ ಬಂದಾನು."

ತಮ್ಮ ಹೆಂಡತಿಯ ತಂದೆಗೆ ಕಂಪ್ಯೂಟರ್ ಬರುತ್ತಿತ್ತೆಂಬುದು ಉಳವಪ್ಪನವರಿಗೆ ಇಂದೇ ತಿಳಿದದ್ದು. ಆದರೆ ತಿಳಿದಿರಲಿಲ್ಲವೆಂದು ಹೇಳಿಕೊಳ್ಳುವ ರೂಢಿ ಅವರಿಗಿಲ್ಲವಷ್ಟೇ. "ಅದು ಗೊತ್ತೈತಿ ಬಿಡು," ಎಂದರು.

"ನಾಲ್ಕು ಕೋರಂದ್ರ ಕೆಲಸ ಹೆಂಗ ಹಂಚತೀರಿ?"

"ನಾವ್ಯಾಕ ಹಂಚೂಣು? ತಮ್ಮ ತಮ್ಮಾಗ ಹಂಚಿಕೊಂತಾರ. ಒಬ್ಬರು ಖಾಲಿ ಇದ್ರ ಇನ್ನೊಬ್ಬರ ಕೆಲಸ ತಾವ ಎತ್ತಿಕೊಂತಾರ."

"ಜಗಳ ಬರೂದಿಲ್ಲ?"

"ಜಗಳ ಎಲ್ಲೀದು? ಭಾಳ ದುಡಿಸಿದ್ರ ಬಿಸಿ ಆಗ್ತಾರ, ಅಷ್ಟ. ಅದಕ್ಕ ತಲಿಮ್ಯಾಲೆ ಒಂದು ಫ್ಯಾನ್ ಹಾಕಿರ್ತಾರ."

ಸಂಜಯ ಬಾಯಿ ತೆರೆದು ನೋಡಿದ. ಹೊಲದಲ್ಲಿ ದುಡಿಯುವವರಿಗೆ ಫ್ಯಾನು ಹಾಕಿಸುವ ಸಾವಕಾರನನ್ನು ಅವನು ಈವರೆಗೆ ಕಂಡಿರಲಿಲ್ಲ. ಭಾವನ ಮೇಲೆ ಅವನಿಗೆ ಭಕ್ತಿಯೇ ಹುಟ್ಟಿತು.

"ಹಂಗಾರ ನಾಲ್ಕರಾಗ ಒಂದು ಕೋರು ನನಗ ಕೊಡ್ರಿ ಮಾವಾ. ಅಕ್ಕನ ಮಾರಿ ನೋಡಿ ಕೊಡ್ರಿ."

"ನಿನಗ ಹುಚ್ಚೇನೋ? ಒಂದನ್ನ ಬಿಡಿಸಿ ಕೊಡಾಕ ಬರೂದಿಲ್ಲ. ನಾಲ್ಕೂ ಒಂದಕ್ಕೊಂದು ಹತ್ತಿಕೊಂಡಿರ್ತಾವು."

"ಅಂದ್ರ ನಾಲ್ವರೂ ಒಂದ ಮನಿಯವರ?"

"ಒಂದ ಮನಿ ಅನ್ನು, ಒಂದ ಗೂಡು ಅನ್ನು."

ಸಂಜಯನ ಮುಖ ಇಳಿಯಿತು. ಯಾರೋ ನಾಲ್ಕು ಜನ ಅಣ್ಣತಮ್ಮಂದಿರು ತನಗಿಂತ ಮೊದಲೇ ಬಂದು ಹೊಲ ಹಿಡಿದುಬಿಟ್ಟಿದ್ದಾರೆ. ಅವನು ಪ್ರೆಸ್ಸಿನ ಹಿಂದಿನ ಮನೆಗೆ ಹೋಗಿ ಅಕ್ಕನ ಮುಂದೆ ಎಲ್ಲ ಹೇಳಿ, ಬಾಳೆಹಣ್ಣಿನಲ್ಲಿ ಅರ್ಧ ಡಜನ್ ವಾಪಸು ತೆಗೆದುಕೊಂಡು ಹೊರಟುಹೋದ.

ಅವನು ಹೋದ ಹಿಂದೆಯೇ ಹಿರೇಬೆಂಡಿಗೇರಿ ಕಡೆಯ ತಲಾಠಿ, ಅಂದರೆ ಊರಿನ ಹೊಲಗಳ ಲೆಕ್ಕ ಇಡುವ ಸರಕಾರಿ ನೌಕರ, ಬಂದ. ಯಾವುದೋ ಕೆಲಸಕ್ಕೆ ಹಾನಗಲ್ಲಿಗೆ ಬಂದವನು ಪರಿಚಯದ ಮೇಲೆ ಒಳಗೆ ಹೊಕ್ಕಿದ್ದ. ಕುರ್ಚಿ ಹತ್ತಿರ ಎಳೆದುಕೊಂಡು ಧ್ವನಿ ತಗ್ಗಿಸಿದ.

"ಉಳವಪ್ಪಾರ, ನಿಮ್ಮ ಹಿತಕ್ಕ ಹೇಳ್ತೇನಿ. ಹದಿನೈದು ವರ್ಷದ ಹಳೇದನ್ನ ತಗದ ಹಾಕೂದು ಅಷ್ಟು ಹಗರ ಅಲ್ರಿ. ನಾಳೆ ಕೋರ್ಟಿಗೆ ಹೋದ್ರ?"

"ಕೋರ್ಟಿಗೆ ಹೆಂಗ ಹೋಗತೈತ್ರಿ?" ಉಳವಪ್ಪನವರು ನಕ್ಕರು. "ಗುಜರಿಗೆ ಹೋಗತೈತಿ."

ತಲಾಠಿ ಕುರ್ಚಿಯಲ್ಲಿಯೇ ಅರ್ಧ ಎದ್ದ. "ಗುಜರಿಗೆ?"

"ಮತ್ತೇನ್ರಿ! ತೂಕದ ಮ್ಯಾಲೆ ತಗೋತಾರ. ಕಿಲೋಕ್ಕ ಇಷ್ಟು ಅಂತ. ಮೊದಲ ಕೈಕಾಲು ಬಿಚ್ಚಿ ಬ್ಯಾರೆ ಮಾಡ್ತಾರ, ಒಳಗಿನ ಒಂದೆರಡು ಭಾಗ ಇನ್ನೊಬ್ಬರಿಗೆ ಹಾಕಾಕ ಬರ್ತಾವು. ಉಳಿದಿದ್ದು ಕರಗಸ್ತಾರ."

ತಲಾಠಿ ಕರವಸ್ತ್ರ ತೆಗೆದು ಹಣೆ ಒರೆಸಿಕೊಂಡ. ಇಪ್ಪತ್ತು ವರ್ಷದ ನೌಕರಿಯಲ್ಲಿ ಕೋರಿನ ಜಗಳ ಬಹಳ ನೋಡಿದ್ದ. ಇಂಥದು ನೋಡಿರಲಿಲ್ಲ. "ಉಳವಪ್ಪಾರ, ನಾನು ಇವತ್ತು ನಿಮ್ಮಲ್ಲಿಗೆ ಬಂದ ಇಲ್ಲ. ಏನೂ ಕೇಳಿಲ್ಲ," ಎಂದು ಚಪ್ಪಲಿ ಮೆಟ್ಟುವುದಕ್ಕೂ ನಿಲ್ಲದೆ, ಕೈಯಲ್ಲಿ ಹಿಡಿದುಕೊಂಡು ನಡೆದ.

ಸರಕಾರದ ಮನುಷ್ಯ ಕೂಡ ಒಂದು ಹಳೆಯ ಕಂಪ್ಯೂಟರಿಗೆ ಇಷ್ಟು ಮರುಗುತ್ತಾನೆಂದರೆ ಕಾಲ ಒಳ್ಳೆಯದಾಯಿತು ಎಂದುಕೊಂಡರು ಉಳವಪ್ಪನವರು.

ಆಗ ವೀರವ್ವ ಚಹಾ ತಂದಳು. ಕೊಡಲಿಲ್ಲ, ಮೇಜಿನ ಮೇಲೆ ಕುಕ್ಕಿದಳು. ಅರ್ಧ ಚಹಾ ಗುರುತಿನ ಕಾರ್ಡುಗಳ ಮೇಲೆ ಹೋಯಿತು.

"ಮೂವತ್ತು ವರ್ಷ ಸಂಸಾರ ಮಾಡೇನಿ. ನಿಮ್ಮ ಹೊಟ್ಟ್ಯಾಗ ಇಂಥಾ ಮನುಷ್ಯ ಅದಾನಂತ ಗೊತ್ತಿರಲಿಲ್ಲ ನನಗ. ಆ ಮುದುಕನ್ನ ಕಿಲೋದ ಮ್ಯಾಲೆ ಹಾಕ್ತೀರೇನು?"

"ಯಾವ ಮುದುಕ?"

"ಯಾವ ಮುದುಕ ಅಂತೀರಲ್ಲಾ! ಅಗೋ, ಬಂದ್ರು ನೋಡ್ರಿ. ಅವರ ಮಾರಿ ನೋಡಿ ಹೇಳ್ರಿ ಈಗ."

ಬಾಗಿಲಲ್ಲಿ ಇಸ್ಮಾಯಿಲಸಾಬರು ನಿಂತಿದ್ದರು. ಒಗೆದ ಬಿಳಿ ಅಂಗಿ, ತಲೆಗೆ ಟೊಪ್ಪಿಗೆ, ಬಗಲಲ್ಲಿ ಹಸಿರು ಬಟ್ಟೆಯಲ್ಲಿ ಕಟ್ಟಿದ ಒಂದು ಗಂಟು. ಉಳವಪ್ಪನವರು ಎದ್ದು, "ಬರ್ರಿ ಸಾಬ್ರ, ಕೂಡ್ರಿ," ಎಂದರು. ಇಸ್ಮಾಯಿಲಸಾಬರು ಕೂರಲಿಲ್ಲ. ಮೊದಲು ಒಂದು ಕೀಲಿಕೈ ಮೇಜಿನ ಮೇಲಿಟ್ಟರು. ಆಮೇಲೆ ಗಂಟು ಬಿಚ್ಚಿ, ಎಣ್ಣೆ ಹಚ್ಚಿ ಮಿಂಚಿಸಿದ ಒಂದು ಕಟ್ಟಿಗೆಯ ಬಟ್ಟಲನ್ನು ಎರಡೂ ಕೈಯಿಂದ ಎತ್ತಿ ಅದರ ಪಕ್ಕಕ್ಕಿಟ್ಟರು. ತಳದಲ್ಲಿ ನಾಲ್ಕು ತೂತಿನ ಬಟ್ಟಲು. ಬಿತ್ತುವಾಗ ಕೂರಿಗೆಯ ಮೇಲಿರುವುದು. ಅದರಲ್ಲಿ ಹಾಕಿದ ಬೀಜ ನಾಲ್ಕು ಸಾಲಿಗೆ ಇಳಿಯುತ್ತದೆ.

"ಸಾವ್ಕಾರ್ರ, ಇದು ಮೋಟಾರ್ ಖೋಲಿ ಕೀಲಿ. ಇದು ನಿಮ್ಮ ಅಜ್ಜಾರ ಕೂರಿಗಿ ಬಟ್ಟಲ. ಕೂರಿಗಿ ಹೊಲದಾಗ ಐತಿ, ಇದನ್ನಷ್ಟ ಕೈಮುಟ್ಟ ಕೊಡಬೇಕಂತ ಬಂದೆ. ಬರೂ ನಾಲ್ವರಿಗೆ ನನ್ನ ನಾಲ್ಕು ಮಾತು ಹೇಳ್ರಿ. ಬಡಗಣ ಮೂಲ್ಯಾಗ ನೀರು ನಿಂದರತೈತಿ, ಅಲ್ಲಿ ಕಡೀಕ ಬಿತ್ತಬೇಕು. ಬದುವಿನ ಮ್ಯಾಲಿನ ಬೇವಿನ ಗಿಡ ಕಡೀಬಾರದು, ದನಕ್ಕ ಅದ ನೆಳ್ಳು. ಮತ್ತ ಮಣ್ಣಿನ ಹದ ಭಾಳ ಛಲೋ ಬಂದೈತ್ರಿ. ಆದ್ರ ಇವತ್ತಿನ ಸಂಜೀತನಕ ಅಷ್ಟ. ನಾನಂತೂ ಬಿತ್ತಲಿಲ್ಲ, ಅವರಿಗಾದ್ರೂ ಜಲ್ದಿ ಬಿತ್ತಾಕ ಹೇಳ್ರಿ. ಭೂಮಿ ಯಾರ ಮ್ಯಾಲೂ ಸಿಟ್ಟು ಮಾಡಿಲ್ಲ, ಅದು ಖಾಲಿ ಉಳೀಬಾರದು."

ಒಂದು ಬೈಗುಳವಿಲ್ಲ. ಯಾಕೆ ಎಂಬ ಒಂದು ಪ್ರಶ್ನೆಯೂ ಇಲ್ಲ. ಉಳವಪ್ಪನವರು ಬಟ್ಟಲನ್ನು ನೋಡಿದರು, ಕೀಲಿ ನೋಡಿದರು, ಸತ್ತುಬಿದ್ದ ಕಂಪ್ಯೂಟರನ್ನು ನೋಡಿದರು. ನಾಲ್ವರು. ಹದಿನೈದು ವರ್ಷ. ಕೋರು. ಶಿಗ್ಗಾಂವಿಯ ಕಟ್ಟೆಯ ತುದಿಯಲ್ಲಿ ಎಲೆ ಅಡಿಕೆ ಹಿಡಿದು ಕಣ್ಣರಳಿಸಿ ಕುಳಿತಿದ್ದ ಹೆಣ್ಣುಮಗಳು. ಅವರು ಮೇಜು ಸುತ್ತಿ ಓಡಿಬಂದು ಸಾಬರ ಎದುರು ನಿಂತರು.

"ಸಾಬ್ರ... ಅದು ನೀವಲ್ರಿ! ಇದು! ಈ ಡಬ್ಬಿ!" ಎಂದು ಕಂಪ್ಯೂಟರನ್ನು ತೋರಿಸಿದರು. "ಬೆನ್ನಿಗೆ ಹೊಡದದ್ದು ಇದಕ್ಕ! ದಮ್ಮಿಲ್ಲ ಅಂದದ್ದು ಇದಕ್ಕ! ಕೋರು ಇರೂದು ಹೊಲದಾಗಲ್ಲ, ಇದರ ಹೊಟ್ಟ್ಯಾಗ!"

ಇಸ್ಮಾಯಿಲಸಾಬರು ಡಬ್ಬಿಯನ್ನು ಬಗ್ಗಿ ನೋಡಿದರು. "ಇದರ ಹೊಟ್ಟ್ಯಾಗ ಕೋರು? ಹಂಗಂದ್ರ ಏನ್ರಿ ಸಾವ್ಕಾರ್ರ?"

ಉಳವಪ್ಪನವರು ಬಾಯಿ ತೆರೆದರು. ಯಾವತ್ತಿನಂತೆ ಏನಾದರೊಂದು ಹೇಳಿಬಿಡಬಹುದಿತ್ತು. ಆದರೆ ಎದುರಿಗೆ ನಿಂತ ಮನುಷ್ಯ, ತನ್ನನ್ನು ತೆಗೆದುಹಾಕಿದರೆಂದು ತಿಳಿದೂ ಮುಂದಿನವರಿಗಾಗಿ ಬೇವಿನ ಗಿಡದ ಚಿಂತೆ ಮಾಡಿಕೊಂಡು ಬಂದವನು. ಅವನೆದುರು ಸುಳ್ಳು ಹೇಳಲು ಅವರ ನಾಲಿಗೆ ಏಳಲಿಲ್ಲ.

"ನನಗ ಗೊತ್ತಿಲ್ಲ ಸಾಬ್ರ," ಎಂದರು.

ವೀರವ್ವ ಮೇಜಿನಿಂದ ಎತ್ತಿಕೊಂಡಿದ್ದ ಚಹಾದ ಕಪ್ಪು ಅವಳ ಕೈಯಿಂದ ಕೆಳಗೆ ಬಿತ್ತು.

ಅಷ್ಟರಲ್ಲಿ ಹೊರಗೆ ಒಂದು ಸಣ್ಣ ಟೆಂಪೊ ನಿಂತಿತು. ತಸ್ಲೀಮಾ ಇಳಿದಳು. ಹಾನಗಲ್ಲಿನ ಒಂದು ಕೋಚಿಂಗ್ ಕ್ಲಾಸಿಗೆ ಕಂಪ್ಯೂಟರ್ ಇಳಿಸಲು ಬಂದವಳು, ಉಳವಪ್ಪನವರಿಂದ ನಿಕ್ಕಿ ಉತ್ತರ ಬರಲಿಲ್ಲವೆಂದು ಎರಡೂ ಡಬ್ಬಿಗಳನ್ನು ಜೊತೆಗೆ ಹಾಕಿಕೊಂಡು ಬಂದಿದ್ದಳು. ಒಳಗೆ ಮೂವರ ಮುಖ ನೋಡಿ, ಯಾರಾದರೂ ತೀರಿಕೊಂಡರೋ ಎಂದು ಮೊದಲು ಅಂಜಿದಳು. ವಿಷಯ ತಿಳಿದ ಮೇಲೆ ಗೋಡೆ ಹಿಡಿದು ನಕ್ಕಳು. ಆಮೇಲೆ ಇಸ್ಮಾಯಿಲಸಾಬರಿಗೆ ಸಲಾಮು ಮಾಡಿ ಕುರ್ಚಿ ಹಾಕಿದಳು.

"ಚಾಚಾ, ಕೂಡ್ರಿ. ನೀವ ನೋಡಿ ಹೇಳ್ರಿ, ಇವೆರಡರಾಗ ಯಾವುದು ಛಲೋ ಅಂತ."

ಎರಡೂ ಯಂತ್ರಗಳನ್ನು ಮೇಜಿನ ಮೇಲೆ ಹೂಡಿದಳು. ಮೊದಲು ಒಂದೇ ಕೆಲಸ: ಗುರುತಿನ ಕಾರ್ಡಿನ ಪುಟ ತೆರೆಯುವುದು. ಎರಡು ಕೋರಿನದು ಕಣ್ಣು ಮಿಟುಕಿಸುವಷ್ಟರಲ್ಲಿ ತೆರೆದು ಕುಳಿತಿತು. ನಾಲ್ಕು ಕೋರಿನದು ಒಂದು ಉಸಿರು ತಡವಾಯಿತು. ಆಮೇಲೆ ಎರಡರ ಮೇಲೂ ಒಮ್ಮೆಲೇ ಕೆಲಸ ಹೇರಿದಳು. ಕಾರ್ಡು, ಇನ್ನೂರು ಫೋಟೊಗಳ ಬಣ್ಣ ತಿದ್ದುವುದು, ಒಂದು ಲಗ್ನಪತ್ರಿಕೆ, ಮೇಲೊಂದು ವಿಡಿಯೊ. ಈಗ ಎರಡು ಕೋರಿನದು ಏದುಸಿರು ಬಿಡತೊಡಗಿತು, ಫ್ಯಾನು ಭರ್ರನೆ ಕೂಗಿತು, ಕಡೆಗೆ ಅರ್ಧಕ್ಕೇ ನಿಂತಿತು. "ಒಮ್ಮೆಲೇ ಭಾಳ ಕೆಲಸ ಹೇರಿದ್ರ ಹಿಂಗ ಹ್ಯಾಂಗ್ ಆಗತೈತ್ರಿ ಚಾಚಾ," ಎಂದಳು. ನಾಲ್ಕು ಕೋರಿನದು ಮಾತ್ರ ಜೋಡೆತ್ತಿನ ಹಾಗೆ, ಅದೇ ನಡಿಗೆಯಲ್ಲಿ, ನಾಲ್ಕನ್ನೂ ಎಳೆದುಕೊಂಡು ಹೋಯಿತು.

"ನೋಡಿದ್ಯಾ! ನಾಲ್ಕು ಕೋರಿಂದ ಖರೇ ಗಂಡು," ಎಂದರು ಉಳವಪ್ಪನವರು. ಇಷ್ಟೆಲ್ಲ ಆದರೂ ತೀರ್ಪು ಕೊಡುವ ಚಟ ಅಷ್ಟು ಬೇಗ ಹೋಗುವುದೆ?

ಇಸ್ಮಾಯಿಲಸಾಬರು ಗಡ್ಡ ನೀವಿಕೊಂಡರು. "ತಂಗಿ, ನನಗ ತಿಳಿದಂಗ ಹೇಳ್ತೇನಿ, ತಪ್ಪಿದ್ರ ತಿದ್ದು. ಇದು ಎರಡು ತಾಳಿನ ಕೂರಿಗಿ, ಅದು ನಾಲ್ಕು ತಾಳಿಂದು. ನಾಲ್ಕು ತಾಳಿಂದು ಒಂದ ಸುತ್ತಿಗೆ ನಾಲ್ಕು ಸಾಲು ಬಿತ್ತತೈತಿ, ಖರೇ. ಆದ್ರ ಅಷ್ಟು ಹೊಲ ಬೇಕಲ್ಲ? ಹಿತ್ತಲದಾಗ ಮೆಂತೆ ಹಾಕವರಿಗೆ ನಾಲ್ಕು ತಾಳಿನ ಕೂರಿಗಿ ಯಾಕ ಬೇಕು?" ಉಳವಪ್ಪನವರ ಕಡೆಗೆ ತಿರುಗಿದರು. "ಸಾವ್ಕಾರ್ರ, ತಪ್ಪು ತಿಳಕೋಬ್ಯಾಡ್ರಿ. ನೀವು ಒಂದು ಸಲಕ್ಕ ಎಷ್ಟು ಕೆಲಸ ಮಾಡ್ತೀರಿ?"

ಉಳವಪ್ಪನವರು ಬೆರಳು ಮಡಚಿ ಎಣಿಸತೊಡಗಿದರು.

"ಒಂದ," ಎಂದಳು ವೀರವ್ವ. "ಅದೂ ಎರಡು ಸಲ ಹೇಳಿದ್ರ."

ತಸ್ಲೀಮಾ ಎರಡೂ ಕೈ ಜೋಡಿಸಿದಳು. "ಚಾಚಾ, ನಾ ಬರೂ ಗಿರಾಕಿಗೆಲ್ಲಾ ಅರ್ಧಾ ತಾಸು ಹೇಳಿ ದಣೀತೇನಿ. ನೀವು ಎರಡು ಮಾತಿನ್ಯಾಗ ಮುಗಿಸಿದ್ರಿ. ಕಾಕಾ, ಎರಡು ಕೋರಿಂದ ತಗೋರಿ. ಉಳಿದ ರೊಕ್ಕದಾಗ ಒಂದು ಹೊಸಾ ಡಿಸ್ಕು ಹಾಕಿಕೊಡ್ತೇನಿ. ಒಂದೊಂದ ಕೆಲಸ ಮಾಡೋರಿಗೆ ಇನ್ನೂ ಐದು ವರ್ಷ ಚಿಂತಿಲ್ಲ."

ಉಳವಪ್ಪನವರು ಒಪ್ಪಿದರು. ಆದರೆ ಅವರ ಕಣ್ಣು ಯಂತ್ರದ ಮೇಲಿರಲಿಲ್ಲ, ಗೋಡೆಯ ಗಡಿಯಾರದ ಮೇಲಿತ್ತು. ಹನ್ನೆರಡೂವರೆ. ಹದ ಸಂಜೆಯತನಕ ಅಷ್ಟೇ.

"ಸಾಬ್ರ, ಏಳ್ರಿ. ಈಗ ಹೋದ್ರ ಬಿತ್ತಾಕ ಆಗತೈತೇನು?"

"ನಮ್ಮ ಮನಿಯಾಕಿ ಬಾನುಬಿ ಎತ್ತು ಹೂಡಿ ನಿಂತಿದ್ರ ಆಗತೈತ್ರಿ. ಆದ್ರ ಬಸ್ಸು?"

"ಬಸ್ಸು ಯಾಕ್ರಿ? ನನ್ನ ಟೆಂಪೊ ಖಾಲಿ ಹೊಂಟೈತಿ. ಶಿಗ್ಗಾಂವಿ ಮ್ಯಾಲೇ ಹೋಗಬೇಕು," ಎಂದಳು ತಸ್ಲೀಮಾ.

ಹೀಗೆ ಇಸ್ಮಾಯಿಲಸಾಬರು ಡ್ರೈವರನ ಪಕ್ಕದಲ್ಲಿ ತಸ್ಲೀಮಾಳ ಜೊತೆ ಕುಳಿತರು. ಸಾವಕಾರರು ಹಿಂದೆ, ನಾಲ್ಕು ಕೋರಿನ ಕಂಪ್ಯೂಟರಿನ ಮಗ್ಗುಲಲ್ಲಿ, ಕೂರಿಗೆ ಬಟ್ಟಲನ್ನು ಎದೆಗವಚಿಕೊಂಡು ಕುಳಿತರು. ದಾರಿಯುದ್ದಕ್ಕೂ ಗುಂಡಿ ಬಂದಾಗಲೆಲ್ಲ ಅವರು ಕಂಪ್ಯೂಟರನ್ನು ಬಿಟ್ಟು ಬಟ್ಟಲನ್ನು ಹಿಡಿದುಕೊಂಡರು ಎಂಬುದನ್ನು ಇಲ್ಲಿ ಹೇಳಲೇಬೇಕು. ಹಿರೇಬೆಂಡಿಗೇರಿಯ ಅಗಸಿ ಬಾಗಿಲಲ್ಲಿ ದಾನವ್ವ ನಿಂತಿದ್ದಳು. ಸುತ್ತ ಹತ್ತು ಜನ.

"ಸಾವ್ಕಾರ್ರ, ಕೋರು ಯಾರಿಗೆ ಕೊಟ್ರಿ?" ಎಂದು ಕೂಗಿದಳು.

ಉಳವಪ್ಪನವರು ಟೆಂಪೊದಲ್ಲಿಯೇ ಎದ್ದು ನಿಂತು, ಬಟ್ಟಲನ್ನು ಇಡೀ ಊರಿಗೆ ಕಾಣುವ ಹಾಗೆ ಎತ್ತಿ ಹಿಡಿದರು. "ಹದಿನೈದು ವರ್ಷದಿಂದ ಯಾರಿಗೈತಿ, ಅವರಿಗ! ತಪ್ಪು ನಂದು, ನಾ ಫೋನಿನ್ಯಾಗ ಒದರಿದ್ದು ತಪ್ಪು. ಇದನ್ನ ಕೇಳಿದಂಗ ಹೇಳವ್ವಾ ಎಲ್ಲಾರಿಗೂ!"

ದಾನವ್ವ ಹೇಳಿದಳು. ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಡಿಮೆಯಿಲ್ಲ.

ಹೊಲದಲ್ಲಿ ಇಸ್ಮಾಯಿಲಸಾಬರ ಹೆಂಡತಿ ಬಾನುಬಿ ಎತ್ತು ಹೂಡಿಕೊಂಡೇ ನಿಂತಿದ್ದಳು. ಗಂಡ ಬಟ್ಟಲು ಒಪ್ಪಿಸಲು ಹೋಗಿದ್ದನ್ನು ಬಲ್ಲವಳು. ಆದರೂ ಬಿತ್ತುವ ದಿನ ಎತ್ತನ್ನು ಕೊಟ್ಟಿಗೆಯಲ್ಲಿ ಕಟ್ಟಲು ಅವಳಿಗೆ ಮನಸ್ಸು ಬಂದಿರಲಿಲ್ಲ. ಬಟ್ಟಲು ಕೂರಿಗೆಗೆ ಕೂತಿತು. ಸಾಬರು ಎತ್ತು ಹೊಡೆದರು, ಬಾನುಬಿ ಸೋಯಾ ಬೀಜ ಬಿಟ್ಟಳು. ಮುಷ್ಟಿಯ ಸಂದಿಯಿಂದ ಬೀಜ ಇಳಿಯುವುದು ನೋಡಿದರೆ ಅಳತೆ ಮಾಡಿದ ಹಾಗಿತ್ತು. ತಸ್ಲೀಮಾ ಟೆಂಪೊ ನಿಲ್ಲಿಸಿ ಬದುವಿನ ಮೇಲೆ ನಿಂತು, ಬಹಳ ಹೊತ್ತು ಆ ಕೈಯನ್ನೇ ನೋಡಿದಳು.

ಮೂರು ಸುತ್ತು ನೋಡಿದ ಮೇಲೆ ಉಳವಪ್ಪನವರಿಗೆ ತಡೆಯಲಾಗಲಿಲ್ಲ. "ಒಂದು ಸುತ್ತು ನಾನೂ ಬಿಡ್ತೇನಿ," ಎಂದರು.

"ಬರತೈತೇನ್ರಿ?" ಎಂದಳು ಬಾನುಬಿ.

"ಬರೂದಿಲ್ಲ. ಹೇಳಿಕೊಡ್ರಿ," ಎಂದರು ಉಳವಪ್ಪನವರು.

ಒಂದು ದಿನದಲ್ಲಿ ಮನುಷ್ಯ ಎಷ್ಟು ಬದಲಾಗಬಹುದೋ ಅಷ್ಟು ಅವರು ಬದಲಾಗಿದ್ದರು. ಅರ್ಧ ಸುತ್ತು ಬೀಜ ಚೆನ್ನಾಗಿಯೇ ಬಿದ್ದಿತು. ಆಗ ಫೋನು ಬಂತು, ಚಿಕ್ಕೇರೂರಿನ ಸಂಜಯನದು. ಉಳವಪ್ಪನವರು ಎಡಗೈಯಲ್ಲಿ ಫೋನು ಹಿಡಿದು, ಬಲಗೈಯಲ್ಲಿ ಬೀಜ ಬಿಡುತ್ತ, ಕೋರಿನಲ್ಲಿ ಎರಡು ಥರ ಹೇಗೆಂಬುದನ್ನು ಭಾವಮೈದುನನಿಗೆ ವಿವರಿಸಿದರು. ವಿವರಣೆ ಮುಗಿಯುವಷ್ಟರಲ್ಲಿ ಸುತ್ತೂ ಮುಗಿದಿತ್ತು.

ಹತ್ತು ದಿನಕ್ಕೆ ಸೋಯಾ ಮೊಳೆತು ನಿಂತಿತು. ಆರು ಎಕರೆಯೂ ಹಸಿರು ಗೆರೆ ಹಾಕಿದ ವಹಿಯ ಪುಟದಂತೆ ನೆಟ್ಟಗೆ. ನಡುವೆ ನಾಲ್ಕು ಸಾಲು ಮಾತ್ರ ಅರ್ಧದವರೆಗೆ ಸರಿಯಾಗಿ ಬಂದು, ಅಲ್ಲಿಂದ ಹತ್ತು ಹೆಜ್ಜೆ ಬೋಳು, ಆಮೇಲೆ ಒಂದೇ ಕಡೆ ಗುಂಪಾಗಿ ಇಪ್ಪತ್ತು ಸಸಿ, ಮತ್ತೆ ಬೋಳು. ಬೇರೆ ಯಾರಾದರೂ ಆಗಿದ್ದರೆ ಬೋಳು ಜಾಗದಲ್ಲಿ ಮತ್ತೆ ಬೀಜ ಊರುತ್ತಿದ್ದರು. ಇಸ್ಮಾಯಿಲಸಾಬರು ಊರಲಿಲ್ಲ. ಸಾವಕಾರರು ಒಂದು ರವಿವಾರ ಬಂದು, ಆ ಸಾಲುಗಳ ತಲೆಯಲ್ಲಿ ನಿಂತು ಬಹಳ ಹೊತ್ತು ಅಭಿಮಾನದಿಂದ ನೋಡಿ ಹೋಗಿದ್ದರು.

ದಾರಿಯಲ್ಲಿ ಹೋಗುವ ರೈತರು ಬದುವಿನ ಮೇಲೆ ನಿಲ್ಲುತ್ತಿದ್ದರು. "ಸಾಬ್ರ, ಎಲ್ಲಾ ಬಂಗಾರದಂಗ ಬಂದೈತಿ. ಈ ನಾಲ್ಕು ಸಾಲು ಹಿಂಗ ಹ್ಯಾಂಗ ಆದುವ್ರಿ?"

ಇಸ್ಮಾಯಿಲಸಾಬರು ಗಡ್ಡ ನೀವಿಕೊಂಡು, ಸಾವಕಾರರ ಮರ್ಯಾದೆಗೆ ಕುಂದು ಬಾರದ ಹಾಗೆ ಹೇಳುತ್ತಿದ್ದರು:

"ಹ್ಯಾಂಗ ಆಗತಾವು? ಹ್ಯಾಂಗ್ ಆದುವ್ರಿ."